ಮಕ್ಕಳ ಪ್ರಯೋಗದ ಪೆಟ್ಟಿಗೆ: ಸಾಮಾನು ಚೆನ್ನಾಗಿದೆ, ಕಾರ್ಡು ತಿದ್ದಬೇಕು

ನಾಲ್ಕು, ಐದನೇ ತರಗತಿಯ ಮಕ್ಕಳಿಗೆ ಘನ, ದ್ರವ, ಅನಿಲ ಕಲಿಸೋಕೆ ಅಂತ ಆನ್‌ಲೈನಲ್ಲಿ 750 ರೂಪಾಯಿ ಕೊಟ್ಟು ತರಿಸಿದ ಪೆಟ್ಟಿಗೆ ಇದು. ನಾನು ಚಿಕ್ಕಮಗಳೂರು ಕಡೆಯ ಸರ್ಕಾರಿ ಶಾಲೆಯ ಮೇಷ್ಟ್ರು. ಐದಕ್ಕೆ ಮೂರೂವರೆ ಸ್ಟಾರ್ ಕೊಡ್ತೀನಿ. ಕಳೆದದ್ದು ಪೂರ್ತಿ ಒಳಗಿರುವ ಕನ್ನಡ ಕಾರ್ಡುಗಳಿಗೆ, ಸಾಮಾನಿಗಲ್ಲ.

ಸಾಮಾನಿನಲ್ಲಿ ಮೊದಲ ಮರ್ಯಾದೆ ಸೂಜಿ ಇಲ್ಲದ ಪ್ಲಾಸ್ಟಿಕ್ ಸಿರಿಂಜಿಗೆ. ಗಾಳಿ ಎಳೆದುಕೊಂಡು, ಮೂತಿಯನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿದು ಪಿಸ್ಟನ್ ದೂಡಿದರೆ ಒಳಗೆ ಹೋಗುತ್ತೆ, ಬಿಟ್ಟರೆ ಹಿಂದಕ್ಕೆ ಚಿಮ್ಮುತ್ತೆ. ಅದಕ್ಕೇ ನೀರು ತುಂಬಿ ದೂಡಿ ನೋಡಿ, ಜಪ್ಪಯ್ಯ ಅಂದರೂ ಕದಲಲ್ಲ. ಅನಿಲದ ಕಣಗಳ ನಡುವೆ ಜಾಗ ಜಾಸ್ತಿ ಅಂತ ವರ್ಷಗಟ್ಟಲೆ ಬೋರ್ಡಿನ ಮೇಲೆ ಚುಕ್ಕಿ ಇಟ್ಟು ಹೇಳಿದ್ದು ಮಕ್ಕಳ ಬೆರಳಿಗೇ ಗೊತ್ತಾಯ್ತು.

ಥರ್ಮಾಮೀಟರ್ ಕೂಡ ಒಳ್ಳೆಯದೇ. ಕೆಂಪು ದ್ರವದ್ದು, ಪಾದರಸದ್ದಲ್ಲ. ಐಸ್ ಹಾಕಿದ ನೀರನ್ನು ಕಲಕುತ್ತಾ ಇದ್ದರೆ ಕೊನೆಯ ಚೂರು ಕರಗುವವರೆಗೂ ಸೊನ್ನೆಯ ಹತ್ತಿರವೇ ಕೂತಿರುತ್ತೆ. ಬಂದ ಶಾಖವೆಲ್ಲ ಐಸ್ ಕರಗಿಸೋಕೇ ಖರ್ಚಾಗುತ್ತೆ ಅನ್ನೋದನ್ನು ಬೇರೆ ಹೇಗೆ ಇಷ್ಟು ಚೆನ್ನಾಗಿ ತೋರಿಸಲಿ?

ಇನ್ನು ಕಾರ್ಡು. ‘ನೀರು 100 ಡಿಗ್ರಿಯಲ್ಲಿ ಕುದಿಯುತ್ತದೆ’ ಅಂತ ದಪ್ಪಕ್ಷರದಲ್ಲಿದೆ. ನಮ್ಮಲ್ಲಿ ನೀರು ಕೊತಕೊತ ಕುದೀತಾ ಇದ್ದರೂ ಕೆಂಪು ಗೆರೆ 96, 97ರ ಹತ್ತಿರವೇ ನಿಂತಿತು. “ಸಾರ್, ಇದು ಕೆಟ್ಟೋಗಿದೆ” ಅಂದಳು ಒಬ್ಬಳು. ಕೆಟ್ಟಿಲ್ಲ. 100 ಅನ್ನೋದು ಸಮುದ್ರಮಟ್ಟದ ಲೆಕ್ಕ. ಸುಮಾರು 300 ಮೀಟರ್ ಎತ್ತರಕ್ಕೆ ಒಂದು ಡಿಗ್ರಿಯಂತೆ ಇಳಿಯುತ್ತೆ, ನಾವಿರೋದು ಸಾವಿರ ಮೀಟರ್ ಮೇಲೆ. ಮಂಗಳೂರಿನ ಮಗುವಿಗೂ ಮಡಿಕೇರಿಯ ಮಗುವಿಗೂ ಉತ್ತರ ಬೇರೆ ಬರುತ್ತೆ ಅಂತ ಒಂದೇ ಸಾಲು ಹಾಕಿದ್ದರೆ ಪೆಟ್ಟಿಗೆಯಲ್ಲೇ ಒಳ್ಳೆಯ ಪಾಠ ಇದಾಗ್ತಿತ್ತು. ಕಣ್ಣಾರೆ 97 ಕಂಡು, ನೋಟ್‌ಬುಕ್ಕಿನಲ್ಲಿ 100 ಅಂತ ಬರೆದ ಮಕ್ಕಳಿದ್ದಾರೆ. ನನಗೆ ಇದಕ್ಕಿಂತ ಬೇಜಾರಿನ ಸಂಗತಿ ಇಲ್ಲ.

ಮೇಣದಬತ್ತಿಯ ಕಾರ್ಡಿನಲ್ಲಿರೋದು ಅದಕ್ಕಿಂತ ದೊಡ್ಡ ತಪ್ಪು. ಉರಿಯುವುದನ್ನೂ ಭೌತ ಬದಲಾವಣೆಯ ಪಟ್ಟಿಗೆ ಸೇರಿಸಿದ್ದಾರೆ. ಮೇಣ ಕರಗಿ ಬದಿಗಿಳಿದು ಮತ್ತೆ ಗಟ್ಟಿಯಾಗೋದು ಭೌತ ಬದಲಾವಣೆ, ಒಪ್ಪೋಣ. ಆದರೆ ಉರಿಯೋದು ಮೇಣದ ಆವಿ. ಅದು ಇಂಗಾಲದ ಡೈಆಕ್ಸೈಡ್, ನೀರಾವಿ ಆಗಿ ಹೋಗುತ್ತೆ, ತಣ್ಣಗಾದರೂ ಮರಳಿ ಮೇಣ ಆಗಲ್ಲ. ಅದು ರಾಸಾಯನಿಕ ಬದಲಾವಣೆ. ಉರಿಯೋದು ಮೇಣದ ಆವಿ ಅನ್ನೋದನ್ನು ನಾನು ಹೀಗೆ ತೋರಿಸ್ತೀನಿ: ಬತ್ತಿ ಆರಿಸಿದ ಕೂಡಲೇ ಮೇಲೇಳುವ ಬಿಳಿ ಹೊಗೆಗೆ ಉರಿಯುವ ಬೆಂಕಿಕಡ್ಡಿ ಹಿಡಿಯೋದು. ಬತ್ತಿಗೆ ಕಡ್ಡಿ ತಾಗಿಸೋದೇ ಬೇಡ, ಬೆಂಕಿ ಹೊಗೆಯ ಜಾಡು ಹಿಡಿದು ಕೆಳಗಿಳಿದು ಬತ್ತಿಗೆ ಹತ್ತಿಕೊಳ್ಳುತ್ತೆ. ಗಾಳಿ ಬೀಸದ ಕಡೆ ಮಾಡಬೇಕು, ಅಷ್ಟೇ.

ಉತ್ಪತನಕ್ಕೆ, ಅಂದರೆ ಘನ ವಸ್ತು ದ್ರವವಾಗದೆ ನೇರವಾಗಿ ಅನಿಲ ಆಗೋದನ್ನು ತೋರಿಸೋಕೆ, ಪೆಟ್ಟಿಗೆಯಲ್ಲಿ ಏನೂ ಇಲ್ಲ. ಪೂಜೆಯ ಕರ್ಪೂರದ ಬಿಲ್ಲೆಯೊಂದನ್ನು ತೆರೆದ ತಟ್ಟೆಯಲ್ಲಿ ಇಟ್ಟರೆ ಸಾಕು, ಒಂದು ಹನಿ ದ್ರವ ಕಾಣಿಸದೆ ಸವೆಯುತ್ತಾ ಹೋಗುತ್ತೆ.

ಕೊಳ್ಳುವವರು ಗಮನಿಸಿ: ಸ್ಪಿರಿಟ್ ದೀಪ ಮಾತ್ರ ಇರುತ್ತೆ, ಸ್ಪಿರಿಟ್ ಬೇರೆ ತರಬೇಕು, ಹಚ್ಚೋದು ದೊಡ್ಡವರೇ ಆಗಿರಬೇಕು. ಎರಡೂ ಕಾರ್ಡಿನ ತಿದ್ದುಪಡಿಯನ್ನು ಕಂಪನಿಗೆ ಬರೆದು ಕಳಿಸಿದ್ದೀನಿ. ಹೊಸ ಕಾರ್ಡು ಅಚ್ಚಾದರೆ ಇಲ್ಲೇ ಬಂದು ಸ್ಟಾರ್ ಏರಿಸ್ತೀನಿ.