ವಿಮಾನದ ಊಟಾನೋ, ಮನಿ ಬುತ್ತಿನೋ: ಎರಡ ಸಲ ದಿಲ್ಲಿ-ಆಗ್ರಾಕ ಹೋಗಿ ಬಂದ ಮ್ಯಾಲ

ಮೊದಲ ಹೇಳಿಬಿಡ್ತೀನ್ರಿ, ನನ್ನ ವೋಟು ಬುತ್ತಿಗೆ. ಕಡೀಕ ಏನ ಹೇಳ್ತಾಳೋ ಅಂತ ಕಾಯ್ಕೋತ ಓದೋದ ಬ್ಯಾಡ. ಹೋದ ವರ್ಷ ಒಂದ ಸಲ, ಈ ವರ್ಷ ಒಂದ ಸಲ, ಬೆಳಗಾವಿ ಸಾಂಬ್ರಾದಿಂದ ದಿಲ್ಲಿಗೆ ವಿಮಾನದಾಗ ಹೋಗಿ ಆಗ್ರಾನೂ ನೋಡ್ಕೊಂಡ ಬಂದ್ವಿ. ಮೊದಲನೇ ಸಲ ಅವ್ವ ಮತ್ತ ತಮ್ಮನ ಜೋಡಿ, ಎರಡನೇ ಸಲ ನಮ್ಮನಿಯವರು ಮತ್ತ ಮಗಳ ಜೋಡಿ. ಈ ಎರಡ ಸಲದಾಗ ಮೊದಲ ಬುಕ್ ಮಾಡಿದ ಊಟ, ವಿಮಾನದಾಗ ಕೊಂಡ ಕಪ್ಪಿನ ಉಪ್ಪಿಟ್ಟು, ಟಿಕೆಟಿನ್ಯಾಗ ಸೇರಿದ ಪೂರಾ ಊಟ, ಮನಿ ಬುತ್ತಿ ನಾಕೂ ಉಂಡ ನೋಡೇವಿ, ಅದಕ್ಕ ಬರೀಲಿಕ್ಕೆ ಕುಂತೇನಿ.

ಮೊದಲನೇ ಸಲ ಅವ್ವ ಬಾದಾಮಿಯಿಂದ ಬರೂವಾಗನ ಒಂದ ಡಬ್ಬಿ ತುಂಬ ಶೇಂಗಾ ಹಿಂಡಿ (ಚಟ್ನಿಪುಡಿ), ಎಳ್ಳ ಹಚ್ಚಿದ ಸಜ್ಜಿ ರೊಟ್ಟಿ ಕಟ್ಕೊಂಡ ಬಂದಿದ್ಲು. ನಾನ ಬ್ಯಾಡ ಅಂದೆ. ವಿಮಾನದಾಗ ಎಲ್ಲಾರ ಮುಂದ ಗಂಟ ಬಿಚ್ಚಿ ಉಣ್ಣೋದು ಛಂದ ಕಾಣಂಗಿಲ್ಲ ಅವ್ವಾ, ಊಟ ಬುಕ್ ಮಾಡೇನಿ, ಬಿಸಿ ಬಿಸಿ ತಂದ ಕೊಡ್ತಾರ ಅಂತ ಡಬ್ಬಿ ತಗದ ಅಡಗಿಮನಿ ಮಾಡದಾಗ ಇಟ್ಟೆ. ಆ ಮಾತಿಗೆ ನನಗ ಇವತ್ತಿಗೂ ಕೆಟ್ಟನಸ್ತೈತಿ.

ಯಾಕಂದ್ರ ಅವತ್ತ ಸೋಮವಾರ. ಅವ್ವಂದು ಸೋಮವಾರ ಒಪ್ಪತ್ತು, ಒಂದ ಹೊತ್ತ ಅಷ್ಟ ಉಣ್ಣೋದು, ಉಳ್ಳಾಗಡ್ಡಿ ಬಳ್ಳೊಳ್ಳಿ ಮುಟ್ಟಂಗಿಲ್ಲ. ನಾ ಅದನ್ನೆಲ್ಲಾ ಲೆಕ್ಕಾ ಹಾಕಿ, ವಿಮಾನದಾಗಿನ ಊಟಾನ ಆಕಿ ಆ ದಿನದ ಊಟ ಆಗಲಿ ಅಂತ ಜೈನ ಊಟ ಬುಕ್ ಮಾಡಿದ್ದೆ, ನಮಗಿಬ್ಬರಿಗೆ ಸಾದಾ ವೆಜ್, ಒಂದೊಂದಕ್ಕ ನಾನೂರ ರೂಪಾಯಿ ಮ್ಯಾಲ. ಹೋಗೋದಕ್ಕ ಮೂರ ದಿನ ಮೊದಲ ಮೆಸೇಜ್ ಬಂತು, ನಿಮ್ಮ ವಿಮಾನದ ಟೈಮ್ ಬದಲಾಗೇತಿ ಅಂತ. ಓಕೆ ಒತ್ತಿದೆ. ಹೊಸ ಟಿಕೆಟ್ ಬಂತು, ಸೀಟ್ ಬಂತು, ಪಿಎನ್‌ಆರ್ ಅದ ಹಳೇದ ಇತ್ತು, ಇನ್ನೇನ ನೋಡೋದೈತಿ ಅಂತ ಬಿಟ್ಟೆ.

ವಿಮಾನ ಏರಿ ಅರ್ಧಾ ತಾಸಿಗೆ ಗಗನಸಖಿ ಹುಡಿಗಿ ಕೈಯಾಗ ಟ್ಯಾಬ್ ಹಿಡ್ಕೊಂಡ, ಸೀಟ್ ನಂಬರ್ ನೋಡ್ಕೋತ, ಊಟ ಕೊಟ್ಕೋತ ಬಂದ್ಲು. ನಮ್ಮ ಮುಂದಿನ ಸಾಲಿಗೆ ಕೊಟ್ಲು, ನಮ್ಮನ್ನ ದಾಟಿ ಹಿಂದಿನ ಸಾಲಿಗೆ ಹೋದ್ಲು. ಕರದ ಕೇಳಿದ್ರ ನಿಮ್ಮ ಸೀಟಿನ ಮುಂದ ಊಟ ತೋರಸವಲ್ದು ಮೇಡಂ ಅಂದ್ಲು. ನಾ ಮೊಬೈಲ್‌ನಾಗಿನ ರಸೀದಿ ತೋರಿಸಿದೆ. ಆಕಿ ಪಾಪ ಸಮಾಧಾನಲೇ ಬಿಡಿಸಿ ಹೇಳಿದ್ಲು: ವಿಮಾನದ ನಂಬರ್ ಬದಲಾಗೇತಿ, ಊಟ ಹಳೇ ನಂಬರಿಗೇ ಉಳದೈತಿ, ಇಲ್ಲಿ ಎಣಿಸಿದಷ್ಟ ಊಟ ಏರಿಸಿರ್ತಾರ, ಹೆಚ್ಚಿಗಿ ಒಂದೂ ಇರಂಗಿಲ್ಲ. ಉಳಿದಿದ್ದು ಚಿಕನ್ ಸ್ಯಾಂಡ್‌ವಿಚ್ ಮತ್ತ ಬಿಸಿನೀರ ಹಾಕಿ ಕೊಡೋ ಕಪ್ಪಿನ ನೂಡಲ್ಸು, ಉಪ್ಪಿಟ್ಟು. ಕಪ್ ತಿರುಗಿಸಿ ಓದಿದ್ರ ಉಳ್ಳಾಗಡ್ಡಿ, ಬಳ್ಳೊಳ್ಳಿ ಇದ್ದ ಇದ್ವು. ಅವ್ವ "ಇರ್ಲಿ ಬಿಡ ಯವ್ವಾ, ಇಳದ ಮ್ಯಾಲ ಉಣ್ಣೋಣಂತ" ಅಂದ್ಲು, ನೀರ ಕುಡದ ಕಿಟಕ್ಯಾಗ ಮೋಡ ನೋಡ್ಕೋತ ಕುಂತ್ಲು. ಇಳದ, ಬ್ಯಾಗ್ ಬರೂತನಕ ನಿಂತ, ದಿಲ್ಲಿ ಟ್ರಾಫಿಕ್ ದಾಟಿ, ರೂಮ್ ಸೇರಿ, ಬಳ್ಳೊಳ್ಳಿ ಇಲ್ಲದ ಊಟ ಎಲ್ಲಿ ಸಿಗತೈತಿ ಅಂತ ಹುಡುಕಿ ಆಕಿ ಬಾಯಿಗೆ ತುತ್ತ ಬೀಳೂದ್ರಾಗ ರಾತ್ರಿ 9 ಹೊಡೀತು. ಮುಂಜಾನಿಂದ ಒಂದ ವಾಟಿ ಚಾ ಮ್ಯಾಲಿದ್ದ 66 ವರ್ಷದಾಕಿ. ಡಬ್ಬಿ ಮಾತ್ರ ಬೆಳಗಾವಿ ಮಾಡದಾಗ.

ರೊಕ್ಕ ವಾಪಸ್ ಬರೋದು ಇನ್ನೊಂದ ಕಥಿ. ಆ್ಯಪಿನ್ಯಾಗ ನೋಡಿದ್ರ ಮೂರೂ ಊಟ ಕೊಟ್ಟೇವಿ ಅಂತ ಬರದಿತ್ತು. ಫೋನ್ ಮಾಡಿದ್ರ ಮೇಲ್ ಹಾಕ್ರಿ ಅಂತಾರ, ಮೇಲ್ ಹಾಕಿದ್ರ ಬೋರ್ಡಿಂಗ್ ಪಾಸ್ ಫೋಟೋ ಕಳಸ್ರಿ ಅಂತಾರ, ಕಳಿಸಿದ ಮ್ಯಾಲ ಮುಂದಿನ ಪ್ರಯಾಣಕ್ಕ ವೋಚರ್ ಕೊಡ್ತೀವಿ ಅಂತಾರ. ನನಗ ವೋಚರ್ ಬ್ಯಾಡ, ಕೊಟ್ಟ ರೊಕ್ಕ ಕೊಡ್ರಿ ಅಂತ ಹಟಾ ಹಿಡದೆ, 23 ದಿನಕ್ಕ ಎರಡ ಊಟದ ರೊಕ್ಕ ಬಂತು, ಮೂರನೇದ್ದು ಬರಲೇ ಇಲ್ಲ. ಅದಕ್ಕ ಯಾರರ ಊಟ ಬುಕ್ ಮಾಡೂವರಿದ್ರ, ಟೈಮ್ ಬದಲಾದ ಮೆಸೇಜ್ ಬಂದ ಕೂಡಲೇ ಬುಕಿಂಗ್ ತಗದ ಊಟ ಐತೋ ಇಲ್ಲೋ ನೋಡ್ರಿ, ಇಲ್ಲಾಂದ್ರ ಅವತ್ತ ಫೋನ್ ಮಾಡ್ರಿ. ಜೈನ ಊಟದಂಥಾವು ಸಾಕಷ್ಟ ಮೊದಲ ಹೇಳಬೇಕಾಗ್ತಾವ, ವಿಮಾನದಾಗ ಕುಂತ ಮ್ಯಾಲ ಏನೂ ಆಗಂಗಿಲ್ಲ.

ಕಪ್ಪಿನ ಉಪ್ಪಿಟ್ಟು ತಮ್ಮ ತಿಂದ. ಉಪ್ಪು ಭಾಳ, ಹೊಟ್ಟಿ ತುಂಬಂಗಿಲ್ಲ, ಆಮ್ಯಾಲ ನೀರಡಿಕಿ. ಏರ್‌ಪೋರ್ಟ್ ಒಳಗಿನ ಅಂಗಡಿ ಬಗ್ಗೆ ಬರಿಯೋದ ಬ್ಯಾಡ, ಚಾದ ರೇಟ್ ನೋಡೇ ಹೊಳ್ಳಿ ಬಂದ್ವಿ.

ಅದ ಟ್ರಿಪ್ಪಿನ್ಯಾಗ ಹೊಳ್ಳಿ ಬರೂವಾಗ ದಿಲ್ಲಿಯಿಂದ ಬೆಂಗಳೂರಿಗೆ ಊಟ ಟಿಕೆಟಿನ್ಯಾಗ ಸೇರಿರೋ ವಿಮಾನದಾಗ ಬಂದ್ವಿ, ಅಲ್ಲಿಂದ ರಾತ್ರಿ ರಾಣಿ ಚೆನ್ನಮ್ಮ ರೈಲಿಗೆ ಬೆಳಗಾವಿ. ಆ ಊಟ ಛಲೋ ಇತ್ತು, ಸುಳ್ಳ ಹೇಳಂಗಿಲ್ಲ. ಅನ್ನ, ದಾಲ್, ಪನೀರ್ ಪಲ್ಲೆ, ಸಣ್ಣ ಡಬ್ಬಿ ಮೊಸರು, ಒಂದ ಗುಲಾಬ್ ಜಾಮೂನು, ಎಲ್ಲಾ ಒಂದ ಟ್ರೇದಾಗ ಒತ್ತಿ ಹೊಂದಿಸಿದ್ರು. ಅವ್ವ ಆ ಟ್ರೇನ ಭಾಳ ಹೊತ್ತ ನೋಡಿದ್ಲು, ಫಾಯಿಲ್ ತಗದ ಬಿಸಿ ಹಬೆ ಬಂದಾಗ ಆಕಿ ಮಾರಿ ಅರಳ್ತು. ಆದ್ರ ಒಂದ ತುತ್ತ ಉಂಡ "ಉಪ್ಪ ಹಾಕಿಲ್ಲೇನ ಇದಕ್ಕ" ಅಂದ್ಲು. ಉಪ್ಪ ಇತ್ತು, ನಮ್ಮ ನಾಲಿಗಿಗೆ ಗೊತ್ತಾಗವಲ್ದಾಗಿತ್ತು. ಹಾರೂ ವಿಮಾನದೊಳಗ ಗಾಳಿ ಒತ್ತಡ 6000ದಿಂದ 8000 ಅಡಿ ಎತ್ತರದ ಗುಡ್ಡದ ಮ್ಯಾಲ ಇದ್ದಂಗ ಇರ್ತೈತಿ, ಹವಾ ನಮ್ಮ ಬ್ಯಾಸಗಿಗಿಂತ ಒಣ, ಮೂಗ ಒಣಗಿದ ಮ್ಯಾಲ ವಾಸನಿ ಹತ್ತಂಗಿಲ್ಲ, ವಾಸನಿ ಇಲ್ದ ರುಚಿ ಎಲ್ಲಿಂದ ಬರಬೇಕು. ಜರ್ಮನಿಯ ಲುಫ್ತಾನ್ಸಾದವರು ಫ್ರೌನ್‌ಹೋಫರ್ ಸಂಸ್ಥೆಯವರ ಕಡಿಂದ ಇದನ್ನ ಪರೀಕ್ಷಾ ಮಾಡಿಸಿದ್ರು, ನೆಲದ ಮ್ಯಾಲ ವಿಮಾನದ ತುಂಡ ಇಟ್ಟು, ಒತ್ತಡ ಇಳಿಸಿ, ಮಂದಿಗೆ ಊಟಾ ಕೊಟ್ಟ ನೋಡಿದ್ರು. ಉಪ್ಪು ಮತ್ತ ಸಿಹಿ ಭಾಳ ಮಂಕಾಗ್ತಾವ, ಹುಳಿ ಕಹಿ ಅಷ್ಟ ಬದಲಾಗಂಗಿಲ್ಲ ಅಂತ ಗೊತ್ತಾತು. ಅದರಾಗ ಆ ಊಟ ಕೆಳಗ ಅಡಗಿಮನಿಯಾಗ ಮಾಡಿ, ಲಗೂನ ತಣ್ಣಗ ಮಾಡಿ ಇಟ್ಟು, ಮ್ಯಾಲ ಓವನ್‌ನಾಗ ಮತ್ತ ಬಿಸಿ ಮಾಡಿದ್ದು. ಅಡಗಿ ಮಾಡಿದವರದ ತಪ್ಪಿಲ್ಲ.

ಇದು ತಿಳದ ಮ್ಯಾಲ ಎರಡನೇ ಸಲದ ಬುತ್ತಿ ನಾ ಲಕ್ಷ್ಯ ಕೊಟ್ಟ ಕಟ್ಟಿದೆ. ಖಡಕ್ ರೊಟ್ಟಿ ತಿಂಗಳಗಟ್ಲೆ ಇರ್ತಾವ ಖರೆ, ಆದ್ರ ಸೀಟಿನ್ಯಾಗ ಮುರದ್ರ ಸಪ್ಪಳ, ಮ್ಯಾಲ ತೊಡಿ ತುಂಬ ಚೂರು, ಪಕ್ಕದವರ ಮೈ ಮ್ಯಾಲೂ ಹೋಗ್ತಾವ. ಅದಕ್ಕ ಅವನ್ನ ಬ್ಯಾಗಿನ್ಯಾಗ ದಿಲ್ಲಿ ರೂಮಿಗೆ ಅಂತ ಇಟ್ಟು, ವಿಮಾನಕ್ಕ ಮೆತ್ತನ್ನ ದಪಾಟಿ (ಮಸಾಲಿ ಕಲಿಸಿ ತಟ್ಟಿದ ರೊಟ್ಟಿ) ಮಾಡಿದೆ. ದಪಾಟಿ ಮ್ಯಾಲ ಗುರೆಳ್ಳ ಹಿಂಡಿ ಉದುರಿಸಿ, ಒಂದ ಹನಿ ಎಣ್ಣಿ ಸವರಿ, ಸುರಳಿ ಸುತ್ತಿ, ಒಂದೊಂದನ್ನ ಬ್ಯಾರೆ ಬ್ಯಾರೆ ಹಾಳ್ಯಾಗ ಸುತ್ತಿದ್ರ ಒಂದ ಕೈಲೆ ಹಿಡದ ತಿನ್ನಬಹುದು, ವಾಸನೀನೂ ಹಬ್ಬಂಗಿಲ್ಲ. ಹಿಂಡಿಗೆ ಹುಣಸಿಹುಳಿ ಮತ್ತ ಬ್ಯಾಡಗಿ ಖಾರ ಒಂದ ಕೈ ಮುಂದ ಹಾಕಿದ್ದೆ. ಸಿಹಿಗೆ ಶೇಂಗಾ ಹೋಳಿಗಿ. ಮ್ಯಾಲ ಹೋದ ಮ್ಯಾಲ ಆ ಹಿಂಡಿ ಮನಿಯಾಗಿನಷ್ಟ ರುಚಿ ಇತ್ತು ಅಂದ್ರ ನಂಬ್ರಿ. ಪಕ್ಕದ ಸೀಟಿನ ಹುಬ್ಬಳ್ಳಿ ಕಡೆ ಅಣ್ಣಾರಿಗೆ ಒಂದ ಸುರಳಿ ಕೊಟ್ಟೆ, ಎರಡನೇದಕ್ಕ ಬ್ಯಾಡ ಅನ್ನಲಿಲ್ಲ.

ಸೆಕ್ಯುರಿಟಿದಾಗ ಒಂದ ಕಡೆ ಸಿಕ್ಕೊಂಡ್ವಿ, ಇದನ್ನ ನೆನಪಿಡ್ರಿ. ನಮ್ಮನಿಯವರು ಬ್ಯಾಗಿನ್ಯಾಗ ಎರಡ ಒಣ ಕೊಬ್ಬರಿ ಬಟ್ಟಲ ಇಟ್ಟಿದ್ರು, ದಿಲ್ಲಿಯಾಗಿನ ಗೆಳ್ಯಾನ ಮನಿಗೆ ಅಂತ. ಅದನ್ನ ತಗಸಿದ್ರು. ಒಣ ಕೊಬ್ಬರಿಯಾಗ ಎಣ್ಣಿ ಅಂಶ ಭಾಳ ಇರ್ತೈತಿ, ತಾನ ಬಿಸಿಯಾಗಿ ಬೆಂಕಿ ಹತ್ತೂ ಪದಾರ್ಥ ಅಂತ ಅದನ್ನ ವಿಮಾನದ ನಿಯಮದಾಗ ಅಪಾಯದ ಸಾಮಾನಿನ ಜೋಡಿ ಸೇರಿಸ್ಯಾರ. ದಪಾಟಿ, ಹೋಳಿಗಿ, ಒಣ ಹಿಂಡಿ ನೋಡಿ ಯಾರೂ ಏನೂ ಅನ್ನಲಿಲ್ಲ. ಕೆಂಪ ಹಿಂಡಿ, ಉಪ್ಪಿನಕಾಯಿ, ತುಪ್ಪ ಇಂಥಾ ಹಸಿ ಸಾಮಾನ ನಾ ಒಯ್ಯಲೇ ಇಲ್ಲ, ವಾದಾ ಮಾಡ್ಕೋತ ನಿಂದ್ರೋದ ನನಗ ಆಗಂಗಿಲ್ಲ.

ಬುತ್ತಿ ಗೆದ್ದಿದ್ದು ಬರೇ ವಿಮಾನದಾಗ ಅಲ್ಲ, ತಿರಗಾಡೂವಾಗ. ಕುತುಬ್ ಮಿನಾರ್ ಮುಂಜಾನೆ ನೋಡಿದ್ವಿ, 73 ಮೀಟರ್ ಎತ್ತರ, ಕೆಳಗಿಂದ ಕುತ್ತಿಗಿ ನೋಯೂತನಕ ನೋಡೋದು, ಒಳಗ ಹತ್ತಾಕ ಬಿಡಂಗಿಲ್ಲ. ಮಧ್ಯಾಹ್ನಕ್ಕ ಹುಮಾಯೂನನ ಸಮಾಧಿ. ಅದರ ಮಗ್ಗಲಕ್ಕ ಸುಂದರ ನರ್ಸರಿ ಅಂತ ದೊಡ್ಡ ತ್ವಾಟ ಐತಿ, ಹಳೇ ಗುಮ್ಮಟಗಳ ನಡುವ ಹುಲ್ಲು, ಗಿಡ, ನೆರಳು. ಅಲ್ಲಿ ಚಾದರ ಹಾಸಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಹಸಿ ಉಳ್ಳಾಗಡ್ಡಿ ಇಟ್ಕೊಂಡ ಕುಂತ್ವಿ. ಮೊದಲನೇ ಸಲ ಹುಮಾಯೂನನ ಸಮಾಧಿಗೆ ಬಂದಾಗ ಅವ್ವನ್ನ ಹೋಟೆಲ್ ಹುಡುಕೋತ ಬಿಸಿಲಾಗ ನಡಸಿದ್ದೆ, ಒಂದೂವರಿ ತಾಸ ಅದರಾಗ ಹೋಗಿತ್ತು. ಈ ಸಲ ಅಷ್ಟ ಹೊತ್ತ ಮಗಳು ಗಿಡದ ಕೆಳಗ ಮಕ್ಕೊಂಡ ಎದ್ಲು.

ತಾಜಮಹಲಿಗೆ ಮಾತ್ರ ಬುತ್ತಿ ನಡೆಯಂಗಿಲ್ಲ, ತಿನ್ನೋದೇನೂ ಒಳಗ ಬಿಡಂಗಿಲ್ಲ, ಗಾಡಿಯಾಗ ಇಟ್ಟ ಹೋಗಬೇಕು. ಶುಕ್ರವಾರ ಬಂದ್ ಇರ್ತೈತಿ, ನಾವು ಗುರುವಾರ ಹೋಗಿದ್ವಿ. ತಾಜ್ ಬಗ್ಗೆ ನಾ ಹೊಸದಾಗಿ ಏನ ಬರೀಲಿ. ಮೊದಲನೇ ಸಲ ಅವ್ವ ಒಳಗ ನಿಂತ ದನಿ ಗುಂಯ್‌ಗುಡೋದ ಕೇಳಿ "ಇದು ನಮ್ಮ ಬಿಜಾಪುರದ ಗೋಳಗುಮ್ಮಟದಂಗ ಐತೆಲ್ಲ" ಅಂದಿದ್ಲು. ಆಕಿ ಅಂದಿದ್ದು ಖರೇನ, ತಾಜ್ ಕಟ್ಟಿಸಿದ ಷಹಜಹಾನ್ ಮತ್ತ ಗೋಳಗುಮ್ಮಟದಾಗ ಮಲಗಿರೋ ಮಹಮ್ಮದ್ ಆದಿಲ್‌ಶಾಹ ಒಂದ ಕಾಲದವರು, ಆದಿಲ್‌ಶಾಹ ಪಟ್ಟಕ್ಕ ಬಂದಿದ್ದು 1627, ಷಹಜಹಾನ್ 1628. ಅಲ್ಲಿ ಅಮೃತಶಿಲೆ, ಇಲ್ಲಿ ಸುಮಾರು 44 ಮೀಟರ್ ಅಗಲದ ಗುಮ್ಮಟ. ನನಗ ತಾಜ್ ನೋಡಾಕ ಛಂದ, ಗೋಳಗುಮ್ಮಟ ಕೇಳಾಕ ಛಂದ.

ಬುತ್ತಿಗೂ ಒಂದ ತೊಂದ್ರಿ ಐತಿ, ಮೂರನೇ ದಿನಕ್ಕ ಬಿಸಿ ಅನ್ನ ಬಿಸಿ ಸಾರ ಬೇಕನಸ್ತೈತಿ. ನಾಕ ದಿನ ಬರೇ ರೊಟ್ಟಿ ಹಿಂಡಿ ಅಂದ್ರ ಮಗಳು ಮಾರಿ ತಿರುವಿದ್ಲು. ಮತ್ತ ಹೊಂಟ ಹಿಂದಿನ ರಾತ್ರಿ 12ರ ತನಕ ಒಲಿ ಮುಂದ ನಿಂದ್ರೂವಾಕಿ ನಾನ, ಅದನ್ನೂ ಲೆಕ್ಕಾ ಹಿಡೀಬೇಕು. ಕ್ಯಾಬಿನ್ ಬ್ಯಾಗಿನ 7 ಕೆಜಿಯಾಗ ನಮ್ಮ ಬುತ್ತಿ ಎರಡ ಕೆಜಿ ತಿಂತು.

ಆದ್ರೂ ನನ್ನ ತೀರ್ಮಾನ ಇಷ್ಟ. ಮೂರ ಮಂದಿಗೆ ಹೋಗೂವಾಗ ಒಂದ ಹೊತ್ತಿನ ಬುಕ್ ಊಟಕ್ಕ 1200 ರೂಪಾಯಿ ಮ್ಯಾಲ, ಅಷ್ಟರಾಗ ನಮ್ಮ ಬಾದಾಮಿ ಬನಶಂಕರಿ ಗುಡಿ ಮುಂದ ಬುಟ್ಟಿ ಇಟ್ಕೊಂಡ ಕುಂತ ಅವ್ವಗೋಳ ಹತ್ರ ರೊಟ್ಟಿ, ಪಲ್ಲೆ, ಕೆಂಪ ಹಿಂಡಿ, ಗಡಿಗಿ ಮೊಸರು ಒಂದ ಮನಿ ಮಂದಿ ಎಲ್ಲಾ ಹೊಟ್ಟಿ ತುಂಬ ಉಂಡ ಬರಬಹುದು. ವ್ರತ ಹಿಡಿಯೂವರು, ಬಳ್ಳೊಳ್ಳಿ ಉಣ್ಣದವರು, ಸಕ್ಕರಿ ಕಾಯಿಲೆ ಇದ್ದು ಹೊತ್ತಿಗೆ ಸರಿಯಾಗಿ ಉಣ್ಣೂವರು ಜೋಡಿಗಿದ್ರ ವಿಮಾನದ ಊಟ ನಂಬ್ಕೊಂಡ ಹೋಗಬ್ಯಾಡ್ರಿ, ಬುಕ್ ಮಾಡಿದ್ರೂ ಎರಡ ದಪಾಟಿ ಕೈಯಾಗ ಇರ್ಲಿ. ಒಬ್ಬರ ಹೋಗೂವರು, ಆಫೀಸ್ ರೊಕ್ಕದಾಗ ಹೋಗೂವರು, ಊಟ ಸೇರಿದ ಟಿಕೆಟ್ ತಗೋರಿ, ಅದು ಛಲೋನ ಐತಿ.

ದೀಪಾವಳಿ ಆದ ಮ್ಯಾಲ ಅವ್ವನ್ನ ಮತ್ತ ದಿಲ್ಲಿಗೆ ಕರ್ಕೊಂಡ ಹೊಂಟೇನಿ, ಆಕಿಗೆ ಸುಂದರ ನರ್ಸರಿ ತೋರಿಸಬೇಕು. ಟಿಕೆಟ್ ಮಂಗಳವಾರದ್ದ ತಗಸೇನಿ. ಸಜ್ಜಿ ರೊಟ್ಟಿ ಆಕಿನ ಬಡೀತಾಳಂತ, ಮೊಸರ ಅಲ್ಲೇ ಮದರ್ ಡೈರಿ ಬೂತಿನ್ಯಾಗ ತಗೋತೀವಿ.