ಕಾಲುಚೀಲಕ್ಕಾಗಿ ಊರೇ ಷೇರು ಹಾಕಿದ ಅಂಗಡಿ: ಸ್ಯಾರನಾಕ್ ಲೇಕ್‌ನ ಕಮ್ಯುನಿಟಿ ಸ್ಟೋರ್

ಮೊದಲೇ ಹೇಳಿಬಿಡುತ್ತೇನೆ, ನಾವು ಈ ಅಂಗಡಿಗೆ ಹೋಗಿದ್ದು ಹೋರಾಟದ ಕಥೆ ಕೇಳೋಕೆ ಅಲ್ಲ, ಕಾಲುಚೀಲ ತರೋಕೆ. ತಿಪಟೂರಿಂದ ಬಂದಿದ್ದ ಅಮ್ಮನಿಗೆ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಅಡಿರಾಂಡ್ಯಾಕ್ ಬೆಟ್ಟ ತೋರಿಸೋಣ ಅಂತ ಅಕ್ಟೋಬರ್ ಕೊನೆಯಲ್ಲಿ ಆಲ್ಬನಿ ಕಡೆಯಿಂದ ಹೊರಟಿದ್ದೆವು. ಅರ್ಧ ದಾರಿ ಬಂದ ಮೇಲೆ ಗೊತ್ತಾಯಿತು, ಉಣ್ಣೆ ಬಟ್ಟೆ ತುಂಬಿದ್ದ ಬ್ಯಾಗು ಮನೆಯ ಬಾಗಿಲ ಹಿಂದೆಯೇ ಕೂತಿದೆ. ಅದನ್ನು ಕಾರಿಗೆ ಇಡಬೇಕಾಗಿದ್ದವಳು ನಾನೇ. ಅದರ ಬಗ್ಗೆ ಕಾರಿನಲ್ಲಿ ಸಾಕಷ್ಟು ಮಾತಾಗಿದೆ, ಇಲ್ಲಿ ಬೇಡ.

ಅಮ್ಮನ ಕಾಲಲ್ಲಿ ಹೆಬ್ಬೆರಳಿಗೆ ಬೇರೆ ಜಾಗ ಇರುವ ತೆಳು ಕಾಲುಚೀಲ, ಮೇಲೆ ಚಪ್ಪಲಿ. ಲೇಕ್ ಪ್ಲಾಸಿಡ್‌ನಲ್ಲಿ 1980ರ ಒಲಿಂಪಿಕ್ಸ್‌ನ ಸ್ಕೀ ಜಂಪ್ ಗೋಪುರ ನೋಡೋಕೆ ಇಳಿದವರು ಎರಡೇ ನಿಮಿಷಕ್ಕೆ ಕಾರಿಗೆ ವಾಪಸ್ಸು. "ನೋಡಿದ್ದಾಯ್ತು ಕಣೇ, ನಡಿ." ಅಲ್ಲಿಂದ ಹತ್ತು ಮೈಲಿ ಆಚೆಗೆ ಸ್ಯಾರನಾಕ್ ಲೇಕ್. ಅಲ್ಲೊಂದು ಬಟ್ಟೆ ಅಂಗಡಿ ಇದೆ, ಊರಿನವರೇ ದುಡ್ಡು ಹಾಕಿ ಮಾಡಿದ್ದು ಅಂತ ಎಲ್ಲೋ ಓದಿದ್ದು ನೆನಪಿತ್ತು. ಅಲ್ಲಿಗೇ ಗಾಡಿ ತಿರುಗಿಸಿದೆವು.

ಊರು ಚಿಕ್ಕದು. ಸುಮಾರು ಐದು ಸಾವಿರ ಜನ. 1880ರ ದಶಕದಲ್ಲಿ ಡಾಕ್ಟರ್ ಟ್ರೂಡೋ ಅನ್ನುವವರು ಇಲ್ಲಿ ಕ್ಷಯರೋಗಿಗಳಿಗೆ ಆಸ್ಪತ್ರೆ ಶುರು ಮಾಡಿದರು, ತಣ್ಣನೆ ಗಾಳಿಯೇ ಮದ್ದು ಅನ್ನುತ್ತಿದ್ದ ಕಾಲ. ಇವತ್ತಿಗೂ ಎಷ್ಟೋ ಮನೆಗಳಿಗೆ ರೋಗಿಗಳು ಮಲಗಲಿ ಅಂತ ಕಟ್ಟಿದ ಉದ್ದನೆ ಜಗಲಿಗಳಿವೆ. "ಮೈಸೂರಿನ ಪಿಕೆಟಿಬಿ ಆಸ್ಪತ್ರೆ ಇದ್ದಂಗೆ" ಅಂದರು ಅಮ್ಮ. ಈ ಗಾಳಿಯಲ್ಲಿ ಗುಣವಾಗೋದು ಹೇಗೆ ಅಂತ ಅವರಿಗೆ ಅನುಮಾನ.

ಅಂಗಡಿ ಮೇನ್ ಸ್ಟ್ರೀಟಿನಲ್ಲೇ ಇದೆ, ಹೋಟೆಲ್ ಸ್ಯಾರನಾಕ್ ಅನ್ನೋ ಹಳೆಯ ಎತ್ತರದ ಹೋಟೆಲಿನ ಎದುರಿಗೆ. ಹೊರಗಿನಿಂದ ವಿಶೇಷ ಏನೂ ಇಲ್ಲ. ಒಳಗೆ ಬಟ್ಟೆ, ಬೆಡ್‌ಶೀಟು, ಅಡುಗೆ ಮನೆ ಸಾಮಾನು, ಆಟಿಕೆ, ಹೆಣಿಗೆಯ ಉಣ್ಣೆ, ಅಲ್ಲೇ ಸುತ್ತಮುತ್ತಲಿನವರು ಮಾಡಿದ ಚಿಕ್ಕಪುಟ್ಟ ವಸ್ತುಗಳು. ದಿನಸಿ ಇಲ್ಲ, ಟಿವಿ ಫ್ರಿಜ್ ಇಲ್ಲ, ಕಾರಿನ ಟೈರು ಇಲ್ಲ. ಒಂದು ಸಂಸಾರಕ್ಕೆ ಮಂಗಳವಾರ ಸಂಜೆ ದಿಢೀರ್ ಅಂತ ಬೇಕಾಗುವ ಸಾಮಾನು ಇರುತ್ತಲ್ಲ, ಟವೆಲು, ಬನಿಯನ್ನು, ಮಗುವಿನ ಕೈಗವಸು, ಅಂಥದ್ದು.

ಕೌಂಟರಿನಲ್ಲಿದ್ದ ಹೆಂಗಸು ನಮ್ಮನ್ನು ನೋಡಿದವರೇ ಅಮ್ಮನ ಕಾಲು ನೋಡಿದರು. ಏನು ಬೇಕು ಅಂತ ಕೇಳಲಿಲ್ಲ, ನೇರವಾಗಿ ಕಾಲುಚೀಲದ ಕಡೆ ಕರೆದುಕೊಂಡು ಹೋದರು. ಇದಕ್ಕೇ ನನ್ನ ಕಡೆಯಿಂದ ಎರಡು ಸ್ಟಾರ್.

ಅಮ್ಮ ಕಾಲುಚೀಲ ಆರಿಸೋದನ್ನು ನೀವು ನೋಡಬೇಕಿತ್ತು. ಮೊದಲು ಒಳಗನ್ನು ಹೊರಗೆ ತಿರುವಿದರು. ಬೆರಳಿನ ಹತ್ತಿರದ ಹೊಲಿಗೆ ಗಂಟು ಗಂಟಾಗಿದೆಯಾ ಅಂತ ಉಗುರಿನಲ್ಲಿ ಎಳೆದು ನೋಡಿದರು. ಆಮೇಲೆ ಹಿಮ್ಮಡಿಯೊಳಗೆ ಕೈ ತೂರಿಸಿ, ಬೆರಳು ಅಗಲಿಸಿ, ಕಿಟಕಿಯ ಬೆಳಕಿಗೆ ಹಿಡಿದರು. "ಇಲ್ಲಿ ಬೆಳಕು ಕಾಣಬಾರದು. ಕಂಡರೆ ಮೂರು ತಿಂಗಳು." ಕಾಣಲಿಲ್ಲ. ಮೂರು ಜೊತೆ ತಗೊಂಡರು, ಜೊತೆಗೆ ಬೂದು ಬಣ್ಣದ ಉಣ್ಣೆ ಎರಡು ಉಂಡೆ, ಅದು ಯಾರಿಗೆ ಅಂತ ಕೇಳಿದರೆ ಉತ್ತರ ಇಲ್ಲ. ಹೋದ ವರ್ಷ ಹೆದ್ದಾರಿ ಪಕ್ಕದ ಒಂದು ದೊಡ್ಡ ಅಂಗಡಿಯಲ್ಲಿ, ಹೆಸರು ಬೇಡ, ನಾನು ಅವರಿಗೆ ತಂದಿದ್ದ ಜಾಕೆಟ್ಟಿನ ಜಿಪ್ಪು ಒಂದೇ ವಾರಕ್ಕೆ ಕೈಗೆ ಬಂದಿತ್ತು. ವಾಪಸ್ ಕೊಡೋಕೆ ನಲವತ್ತು ನಿಮಿಷ ಸರತಿಯಲ್ಲಿ ನಿಂತಿದ್ದೆ. ಅಮ್ಮ ಅದನ್ನು ಮರೆತಿಲ್ಲ.

ಬೆಲೆ? ದೊಡ್ಡ ಅಂಗಡಿಯಲ್ಲಿ ಆರು ಜೊತೆಯ ಕಟ್ಟು ಕೊಳ್ಳೋ ಲೆಕ್ಕ ಇಟ್ಟುಕೊಂಡು ಇಲ್ಲಿಗೆ ಬರಬೇಡಿ. ಅದು ಬೇರೆ ವ್ಯಾಪಾರ, ಇದು ಬೇರೆ ವ್ಯಾಪಾರ.

ಬಿಲ್ಲು ಹಾಕಿಸುವಾಗ ಅಮ್ಮ ಕೇಳಿದರು, "ಇದರ ಯಜಮಾನ್ರು ಯಾರೇ?" ಅಲ್ಲಿಂದ ಕಥೆ ಶುರು.

ಈ ಊರಲ್ಲಿ ಮೊದಲು ಏಮ್ಸ್ ಅಂತ ಒಂದು ಡಿಪಾರ್ಟ್‌ಮೆಂಟ್ ಸ್ಟೋರ್ ಇತ್ತು. 2002ರಲ್ಲಿ ಆ ಕಂಪನಿಯೇ ಮುಳುಗಿ ಎಲ್ಲಾ ಕಡೆ ಬಾಗಿಲು ಹಾಕಿತು, ಇಲ್ಲಿಯೂ ಹಾಕಿತು. ಅವತ್ತಿನಿಂದ ಒಂದು ಚಡ್ಡಿ ಬನಿಯನ್ ಬೇಕು ಅಂದರೂ ಪ್ಲಾಟ್ಸ್‌ಬರ್ಗ್‌ಗೆ ಹೋಗಬೇಕಾದ ಪರಿಸ್ಥಿತಿ. ಐವತ್ತು ಮೈಲಿ. ಅಂದರೆ ಹೆಚ್ಚು ಕಡಿಮೆ ತಿಪಟೂರಿಂದ ತುಮಕೂರಿಗೆ, ಅದೂ ಹಿಮ ಬಿದ್ದ ಬೆಟ್ಟದ ರಸ್ತೆಯಲ್ಲಿ. ಆಗ ವಾಲ್‌ಮಾರ್ಟ್ ಬಂತು, ನಾವು ಕಟ್ಟುತ್ತೇವೆ ಅಂದಿತು, ಸುಮಾರು 1,20,000 ಚದರ ಅಡಿಯ ಸೂಪರ್‌ಸೆಂಟರ್. ಈ ಸಂಖ್ಯೆ ಕೇಳಿದರೆ ಏನೂ ಅನ್ನಿಸೋದಿಲ್ಲ ಅಲ್ವಾ? ನಮ್ಮ ಲೆಕ್ಕದಲ್ಲಿ ಹೇಳುತ್ತೇನೆ. ಥರ್ಟಿ ಫಾರ್ಟಿ ಸೈಟು ಅಂದರೆ 1,200 ಚದರ ಅಡಿ. ಅಂಥ ನೂರು ಸೈಟು, ಒಂದೇ ಸೂರು, ಸುತ್ತ ಪಾರ್ಕಿಂಗ್ ಬೇರೆ. ಐದು ಸಾವಿರ ಜನರ ಊರಿಗೆ.

ಊರು ಎರಡು ಪಾಲಾಯಿತು. ಮೇನ್ ಸ್ಟ್ರೀಟಿನ ಅಂಗಡಿಗಳು ಒಂದೊಂದಾಗಿ ಮುಚ್ಚಿಹೋಗುತ್ತವೆ ಅನ್ನುವವರು ಒಂದು ಕಡೆ. ನಮಗೆ ಅಗ್ಗದ ಸಾಮಾನು, ಕೆಲಸ ಎರಡೂ ಬೇಕು ಅನ್ನುವವರು ಇನ್ನೊಂದು ಕಡೆ. ನನಗೆ ಇವರ ಮೇಲೂ ಸಿಟ್ಟಿಲ್ಲ. ತಿಂಗಳ ಕೊನೆಗೆ ಮಗುವಿಗೆ ಬೂಟು ಕೊಡಿಸಬೇಕಾದವರು ಮೇನ್ ಸ್ಟ್ರೀಟಿನ ಚಂದ ನೋಡಿಕೊಂಡು ಕೂತಿರೋಕೆ ಆಗುತ್ತಾ? ಕೊನೆಗೆ ವಾಲ್‌ಮಾರ್ಟ್ ತಾನೇ ಹಿಂದೆ ಸರಿಯಿತು.

ಇದರಲ್ಲಿ ನನಗ್ಯಾಕೆ ಇಷ್ಟು ಆಸಕ್ತಿ ಅಂದರೆ, ಆಲ್ಬನಿ ಸುತ್ತಲಿನ ನಮ್ಮ ಪುಟ್ಟ ಊರಲ್ಲೂ ಈಗ ಇದೇ ಗಲಾಟೆ. ಒಂದು ಹಳೆಯ ಸೇಬಿನ ತೋಟ ಇದೆ. ಅದನ್ನು ಕೃಷಿ ವಲಯದಿಂದ ವಾಣಿಜ್ಯ ವಲಯಕ್ಕೆ ಬದಲಾಯಿಸಬೇಕು ಅಂತ ಅರ್ಜಿ ಬಿದ್ದಿದೆ, ಅಲ್ಲಿ ದೊಡ್ಡ ಅಂಗಡಿ ಬರುತ್ತದಂತೆ. ನಮ್ಮ ಕಡೆ ಜಮೀನಿಗೆ ಅಲಿನೇಷನ್ ಮಾಡಿಸೋದು ಅಂತೀವಲ್ಲ, ಹತ್ತಿರ ಹತ್ತಿರ ಹಾಗೆಯೇ. ವ್ಯತ್ಯಾಸ ಏನೆಂದರೆ ಇಲ್ಲಿ ವಲಯ ಬದಲಾಯಿಸೋಕೆ ಮುಂಚೆ ಟೌನ್ ಬೋರ್ಡ್ ಬಹಿರಂಗ ವಿಚಾರಣೆ ಇಡಬೇಕು, ಯಾರು ಬೇಕಾದರೂ ಹೋಗಿ ಮೈಕಿನ ಮುಂದೆ ನಿಂತು ಮಾತಾಡಬಹುದು. ನನ್ನ ಸರದಿ ಬಂದಾಗ ರಾತ್ರಿ ಹತ್ತೂವರೆ. ಬರೆದುಕೊಂಡು ಹೋಗಿದ್ದ ಚೀಟಿಯನ್ನು ಅಷ್ಟರಲ್ಲಿ ಮಡಚಿ ಮಡಚಿ ಹರಿದಿದ್ದೆ.

ನ್ಯೂಯಾರ್ಕ್ ರಾಜ್ಯದ ಕಾನೂನಿನಲ್ಲಿ ಒಂದು ಕೀಲಿ ಇದೆ, ಇದು ನಮ್ಮವರಿಗೆ ಯಾರಿಗೂ ಗೊತ್ತಿರೋದಿಲ್ಲ. ಬದಲಾಗುವ ಜಾಗಕ್ಕೆ ಹೊಂದಿಕೊಂಡ 100 ಅಡಿಯೊಳಗಿನ ನೆಲದಲ್ಲಿ ಕನಿಷ್ಠ ಶೇ. 20ರಷ್ಟರ ಮಾಲೀಕರು ಸಹಿ ಹಾಕಿ ತಕರಾರು ಕೊಟ್ಟರೆ, ಬೋರ್ಡಿಗೆ ಬರೀ ಬಹುಮತ ಸಾಕಾಗೋದಿಲ್ಲ, ನಾಲ್ಕರಲ್ಲಿ ಮೂರು ಪಾಲು ಮತ ಬೇಕು. ಐದು ಜನರ ಬೋರ್ಡಿನಲ್ಲಿ ಮೂರು ಸಾಲದು, ನಾಲ್ಕು ಬೇಕಾಗುತ್ತದೆ. ಹಾಗಾಗಿ ಸಾವಿರ ಜನರ ಸಹಿಗಿಂತ ಬೇಲಿ ಪಕ್ಕದ ನಾಲ್ಕು ಮನೆಯವರ ಸಹಿ ಜಾಸ್ತಿ ತೂಕ. ನಮ್ಮ ಗುಂಪು ಇದನ್ನು ತಿಳಿದುಕೊಳ್ಳೋ ಮುಂಚೆ ಮೂರು ವಾರ ದಿನಸಿ ಅಂಗಡಿ ಬಾಗಿಲಲ್ಲಿ ನಿಂತು ಸಿಕ್ಕವರ ಸಹಿ ಹಾಕಿಸಿಕೊಂಡಿದ್ದೇ ಆಯಿತು.

ಇನ್ನೊಂದು ಸಂಗತಿಯೂ ಇದೇ ದಾರಿಯಲ್ಲಿ ಸಿಕ್ಕಿದ್ದು. ಸ್ಯಾರನಾಕ್ ಲೇಕ್‌ಗಿಂತ ಮುಂಚೆಯೇ ಪಕ್ಕದ ಲೇಕ್ ಪ್ಲಾಸಿಡ್‌ನಲ್ಲಿ ವಾಲ್‌ಮಾರ್ಟ್ ಪ್ರಯತ್ನ ಮಾಡಿತ್ತು. ಅದು ನಾರ್ತ್ ಎಲ್ಬಾ ಟೌನಿಗೆ ಸೇರಿದ ಜಾಗ. ಅಲ್ಲಿನ ಪ್ಲಾನಿಂಗ್ ಬೋರ್ಡ್ ಅನುಮತಿ ಕೊಡಲಿಲ್ಲ, ಕಂಪನಿ ಕೋರ್ಟಿಗೆ ಹೋಯಿತು, 1998ರಲ್ಲಿ ಮೇಲ್ಮನವಿ ಕೋರ್ಟು ಬೋರ್ಡಿನ ಪರವಾಗಿ ತೀರ್ಪು ಕೊಟ್ಟಿತು. ಅಲ್ಲಿ ಎದ್ದ ಪ್ರಶ್ನೆ ಟ್ರಾಫಿಕ್ಕಿನದು ಮಾತ್ರ ಅಲ್ಲ. ಕಣ್ಣಿಗೆ ಬೀಳುವ ನೋಟ ಕೆಡುತ್ತದೆ, ಊರಿನ ಸ್ವಭಾವವೇ ಬದಲಾಗುತ್ತದೆ ಅನ್ನೋದೂ ಲೆಕ್ಕಕ್ಕೆ ಬಂತು. ಮ್ಯಾಸಚೂಸೆಟ್ಸ್‌ನ ಗ್ರೀನ್‌ಫೀಲ್ಡ್‌ನದು ಇನ್ನೂ ಮಜಾ. ಅಲ್ಲಿ ಊರಿನ ಮಂಡಳಿ ವಲಯ ಬದಲಾವಣೆಗೆ ಒಪ್ಪಿಬಿಟ್ಟಿತ್ತು. ಜನ ಸಹಿ ಹಾಕಿ ಅದನ್ನು ಮತಕ್ಕೆ ಎಳೆತಂದರು, 1993ರಲ್ಲಿ ಮತದಾನ ಆಯಿತು. ಗೆದ್ದ ಅಂತರ ಒಂಬತ್ತು ಮತ! ಆ ಹೋರಾಟ ನಡೆಸಿದ ಆಲ್ ನಾರ್ಮನ್ ಮುಂದೆ ದೇಶದ ಬೇರೆ ಬೇರೆ ಊರುಗಳಿಗೆ ಇದನ್ನೇ ಹೇಳಿಕೊಡೋಕೆ ಶುರು ಮಾಡಿದರು. ಒಂಬತ್ತು ಮತ ಅಂದರೆ ನಮ್ಮ ಬೀದಿಯ ಮೂರು ಮನೆ ಅಷ್ಟೇ. ಅವತ್ತು ಮಳೆ ಬಂದು ಯಾರಾದರೂ ಮನೆಯಲ್ಲೇ ಕೂತಿದ್ದರೆ ಏನಾಗುತ್ತಿತ್ತೋ.

ಇಷ್ಟೆಲ್ಲಾ ಊರುಗಳಲ್ಲಿ ಸ್ಯಾರನಾಕ್ ಲೇಕ್ ನನಗೆ ಯಾಕೆ ಇಷ್ಟ ಅಂದರೆ, ಇವರು ದೊಡ್ಡವರು ಹೋದ ಮೇಲೆ ಮನೆಗೆ ಹೋಗಿ ಮಲಗಲಿಲ್ಲ. ಚಡ್ಡಿ ಬನಿಯನ್ನಿಗೆ ಐವತ್ತು ಮೈಲಿ ಹೋಗೋದು ಹಾಗೇ ಇತ್ತಲ್ಲ. ಸರಿ, ನಾವೇ ಅಂಗಡಿ ಮಾಡೋಣ ಅಂದರು. ಒಂದು ಷೇರಿಗೆ 100 ಡಾಲರ್. ಒಬ್ಬರು ಹೆಚ್ಚೆಂದರೆ 10,000 ಡಾಲರ್ ಹಾಕಬಹುದು, ಯಾರೋ ಒಬ್ಬ ದುಡ್ಡಿದ್ದವನು ಬಂದು ಅಂಗಡಿಯನ್ನು ಜೇಬಿಗೆ ಹಾಕಿಕೊಳ್ಳಬಾರದು ನೋಡಿ. ಕೊಳ್ಳುವವರು ನ್ಯೂಯಾರ್ಕ್ ರಾಜ್ಯದವರೇ ಆಗಿರಬೇಕು. ಗುರಿ 5,00,000 ಡಾಲರ್. ನಡುವೆ 2008ರ ಆರ್ಥಿಕ ಕುಸಿತ ಬೇರೆ ಬಂತು, ಕೆಲಸ ಉಳಿಯುತ್ತೋ ಇಲ್ಲವೋ ಅನ್ನೋ ಹೊತ್ತಲ್ಲಿ ಅಂಗಡಿಗೆ ಷೇರು ಹಾಕಿ ಅಂದರೆ ಯಾರು ಹಾಕುತ್ತಾರೆ? ಆದರೂ ಸುಮಾರು 600 ಜನ ಹಾಕಿದರು, ಸರಾಸರಿ ತಲಾ 800 ಡಾಲರ್. 2011ರ ಅಕ್ಟೋಬರ್ 29ಕ್ಕೆ ಬಾಗಿಲು ತೆರೆಯಿತು. ಜಾಗ ಸುಮಾರು 4,000 ಚದರ ಅಡಿ, ಅಂದರೆ ಮೂರು ಚಿಲ್ಲರೆ ಸೈಟು. ನೂರು ಸೈಟಿನ ಜಾಗದಲ್ಲಿ ಮೂರು.

ಈ ಉಪಾಯ ಪೂರ್ತಿ ಇವರದ್ದೇ ಅಲ್ಲ. ವಯೋಮಿಂಗ್‌ನ ಪವೆಲ್ ಅನ್ನೋ ಊರಿನವರು 2002ರಲ್ಲೇ ತಲಾ 500 ಡಾಲರಿನ ಷೇರು ಮಾರಿ ಇಂಥದೇ ಅಂಗಡಿ ತೆರೆದಿದ್ದರು.

ಅಮ್ಮನಿಗೆ ಇದನ್ನೆಲ್ಲ ಹೇಳಿದರೆ, "ಓ, ಸೊಸೈಟಿ ಅನ್ನು" ಅಂದರು. ಪೂರ್ತಿ ಸೊಸೈಟಿ ಅಲ್ಲಮ್ಮ, ಕಂಪನಿ, ಷೇರು ಇದೆ ಅಂದೆ. "ಸೊಸೈಟಿಯಲ್ಲೂ ಷೇರು ಇರುತ್ತೆ ಕಣೇ, ನಿಮ್ಮಪ್ಪಂದು ಇನ್ನೂ ಇದೆ." ವಾದ ಮಾಡಲಿಲ್ಲ. ಗದಗದ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲೇ ಸಹಕಾರ ಸಂಘ ಕಟ್ಟಿದ ನಾಡಿನವರಿಗೆ ನಾನೇನು ಹೇಳಿಕೊಡೋದು. ನಮ್ಮ ಯಜಮಾನರು ಮಾತ್ರ ಕಾರಿನಲ್ಲಿ ಕೂತ ಮೇಲೆ, "ಡಿವಿಡೆಂಡ್ ಎಷ್ಟು ಕೊಡ್ತಾರಂತೆ?" ಅಂತ ಕೇಳಿದರು. ಐಟಿಯವರಿಗೆ ಬೇರೆ ಏನು ಕೇಳೋಕೆ ಬರುತ್ತದೆ.

ಹೋಗುವವರಿಗೆ ಒಂದೆರಡು ಮಾತು. ಇದು ನೋಡುವ ಜಾಗ ಅಲ್ಲ, ಕೊಳ್ಳುವ ಜಾಗ. ಸುಮ್ನೆ ಒಳಗೆ ಹೋಗಿ ಫೋಟೋ ಹೊಡೆದುಕೊಂಡು, "ವಾವ್, ಜನರ ಅಂಗಡಿ" ಅಂತ ಹೇಳಿ ಹೊರಗೆ ಬಂದರೆ ಅವರ ಬಾಡಿಗೆ ಕಟ್ಟೋಕೆ ಆಗಲ್ಲ. ಒಂದು ಟೋಪಿಯಾದರೂ ತಗೊಳ್ಳಿ. ಹೆಣಿಗೆ ಗೊತ್ತಿರುವ ಅಮ್ಮ, ಅತ್ತೆ ಜೊತೆಗಿದ್ದರೆ ಉಣ್ಣೆಯ ಹತ್ತಿರ ಅರ್ಧ ಗಂಟೆ ಹೆಚ್ಚಿಗೆ ಇಟ್ಟುಕೊಳ್ಳಿ. ಸಣ್ಣ ಊರು, ಹೊರಡೋ ಮುಂಚೆ ಅಂಗಡಿ ತೆರೆದಿರುವ ಸಮಯ ನೋಡಿಕೊಳ್ಳಿ. ಫೆಬ್ರವರಿಯಲ್ಲಿ ಹೋದರೆ ಚಳಿಗಾಲದ ಜಾತ್ರೆಗೆ ಲೇಕ್ ಫ್ಲವರ್ ಕೆರೆಯ ಮಂಜುಗಡ್ಡೆ ಕೊಯ್ದು ಊರಿನವರೇ ಕಟ್ಟುವ ಅರಮನೆಯನ್ನೂ ನೋಡಬಹುದು. ಈ ಊರಿಗೆ ಎಲ್ಲವನ್ನೂ ತಾವೇ ಕಟ್ಟಿಕೊಳ್ಳೋ ಚಟ ಇದೆ ಅನ್ನಿಸುತ್ತದೆ.

ಅಮ್ಮ ಡಿಸೆಂಬರಿನಲ್ಲಿ ತಿಪಟೂರಿಗೆ ವಾಪಸ್ಸು ಹೋದರು. ಎರಡು ಜೊತೆ ಕಾಲುಚೀಲ ಇಲ್ಲೇ ಬಿಟ್ಟಿದ್ದಾರೆ, ತಿಪಟೂರಿನ ಸೆಕೆಗೆ ಇದನ್ನು ಯಾರು ಹಾಕಿಕೊಳ್ಳುತ್ತಾರೆ ಅಂತ. ಬೂದು ಉಣ್ಣೆ ನನ್ನ ಟೋಪಿಯಾಗಿದೆ, ಕಿವಿ ಮುಚ್ಚುವ ಹಾಗೆ ಹೆಣೆದಿದ್ದಾರೆ. ನಮ್ಮೂರಿನ ಸೇಬಿನ ತೋಟದ ಮುಂದಿನ ವಿಚಾರಣೆ ಜನವರಿಯಲ್ಲಿ. ಬೇಲಿ ಪಕ್ಕದ ನಾಲ್ಕು ಮನೆಯಲ್ಲಿ ಮೂರರ ಸಹಿ ಸಿಕ್ಕಿದೆ. ನಾಲ್ಕನೆಯವರು ಚಳಿಗಾಲಕ್ಕೆ ಫ್ಲೋರಿಡಾಕ್ಕೆ ಹೋಗಿದ್ದಾರಂತೆ, ಫೋನ್ ಎತ್ತುತ್ತಿಲ್ಲ.