ಅಪಾಚೆ ಕಾಮನ್ಸ್ ಪೂಲ್ 2: ಆರು ವರ್ಷ ಬಳಸಿದ ಮೇಲೆ

ಯಶವಂತಪುರ ಯಾರ್ಡಿನ ಒಂದು ಈರುಳ್ಳಿ ಮಂಡಿಗೆ ನಾವು ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಟ್ಟು ಆರು ವರ್ಷವಾಯಿತು. ತೂಕ ಬರೆದಿಡುವ ಸರ್ವರ್ ಬೇರೆ, ಬಿಲ್ ಹಾಕುವ ಪ್ರೋಗ್ರಾಂ ಬೇರೆ. ಪ್ರತಿ ಬಿಲ್ಲಿಗೂ ಹೊಸ ಕನೆಕ್ಷನ್ ತೆರೆಯುವ ಬದಲು ಒಂದಷ್ಟನ್ನು ಕಾಮನ್ಸ್ ಪೂಲ್ ಎಂಬ ಜಾವಾ ಲೈಬ್ರರಿಯ ಪೂಲ್‌ನಲ್ಲಿ ಇಟ್ಟು ಮತ್ತೆ ಮತ್ತೆ ಬಳಸುತ್ತೇವೆ. ಜಾವಾದವರಿಗೆ ಇದು ಹೊಸದಲ್ಲ. ರೆಡಿಸ್‌ಗೆ ಕನೆಕ್ಟ್ ಮಾಡುವ ಜೆಡಿಸ್, ಡೇಟಾಬೇಸ್ ಕನೆಕ್ಷನ್ ಪೂಲ್ ಮಾಡುವ ಡಿಬಿಸಿಪಿ ಎರಡರ ಒಳಗೂ ಇರುವುದು ಇದೇ.

ಮೊದಲ ತಿಂಗಳು ಬೆಳಗಾದರೆ ಗುಮಾಸ್ತರ ಫೋನು. "ಸಾರ್, ಇವತ್ತೂ ಮೊದಲನೇ ಬಿಲ್ ಬರ್ಲಿಲ್ಲ. ಲಾರಿಯವರು ಕಾಯ್ತಾ ಇದಾರೆ." ರಾತ್ರಿಯೆಲ್ಲ ಸುಮ್ನೆ ಬಿದ್ದಿದ್ದ ಕನೆಕ್ಷನ್‌ಗಳನ್ನು ನಡುವಿನ ರೂಟರ್ ಕಡಿದುಬಿಡುತ್ತಿತ್ತು. ಪೂಲ್ ಸತ್ತ ಕನೆಕ್ಷನ್ನನ್ನೇ ಎತ್ತಿ ಕೊಡುತ್ತಿತ್ತು. ಅದಕ್ಕೆ ಗೊತ್ತಾಗುವ ದಾರಿಯೇ ಇರಲಿಲ್ಲ. ನಾವು ಹೇಳದ ಹೊರತು ಅದು ಯಾವುದನ್ನೂ ಪರೀಕ್ಷಿಸುವುದಿಲ್ಲ. ಟೆಸ್ಟ್‌ಆನ್‌ಬಾರೋ (ಕೊಡುವ ಮೊದಲು ಪರೀಕ್ಷೆ) ಆಫ್, ಟೆಸ್ಟ್‌ವೈಲ್‌ಐಡಲ್ (ಸುಮ್ನೆ ಬಿದ್ದಿರುವಾಗ ಪರೀಕ್ಷೆ) ಆಫ್. ಹಳೆಯದನ್ನು ತೆಗೆದುಹಾಕುವ ಎವಿಕ್ಟರ್ ಕೂಡ, ಎಷ್ಟು ಹೊತ್ತಿಗೊಮ್ಮೆ ಅಂತ ಹೇಳದಿದ್ದರೆ ಓಡುವುದೇ ಇಲ್ಲ.

ಟೆಸ್ಟ್‌ಆನ್‌ಬಾರೋ ಆನ್ ಮಾಡಿದೆವು. ಇಲ್ಲಿ ಈ ಲೈಬ್ರರಿ ನಿಜವಾಗಿ ಚೆನ್ನಾಗಿದೆ. ಕೊಡುವ ಮೊದಲು, ಸರ್ವರ್‌ಗೆ ಪಿಂಗ್ ಕಳಿಸಿ ಕನೆಕ್ಷನ್ ಬದುಕಿದೆಯಾ ಅಂತ ನೋಡಲು ನಾವು ಬರೆದ ವ್ಯಾಲಿಡೇಟ್‌ಆಬ್ಜೆಕ್ಟ್ ಅನ್ನು ಕೇಳುತ್ತದೆ. ಕೆಟ್ಟಿದ್ದರೆ ಅದನ್ನು ಎಸೆದು ಇನ್ನೊಂದನ್ನು ನೋಡುತ್ತದೆ. ಯಾವುದೂ ಸರಿಯಿಲ್ಲದಿದ್ದರೆ ಹೊಸದು ಮಾಡುತ್ತದೆ. ಫೋನು ನಿಂತಿತು.

ಮೂರನೇ ವರ್ಷ ಒಂದು ಬೆಳಿಗ್ಗೆ ಒಂದೂ ಬಿಲ್ ಬರಲಿಲ್ಲ. ಲಾಗ್ ತುಂಬ ನೋಸಚ್‌ಎಲಿಮೆಂಟ್‌ಎಕ್ಸೆಪ್ಷನ್. 'ಅಂಥದ್ದು ಇಲ್ಲ' ಅನ್ನುವ ಹೆಸರು ನೋಡಿದರೆ ಪೂಲ್ ಖಾಲಿಯಾಗಿದೆ ಅನ್ನಿಸುತ್ತದೆ, ಅಲ್ವಾ? ನಮಗೂ ಹಾಗೇ ಅನ್ನಿಸಿತು. ಮ್ಯಾಕ್ಸ್‌ಟೋಟಲ್ (ಒಟ್ಟು ಕನೆಕ್ಷನ್‌ಗಳ ಮಿತಿ) ಡಿಫಾಲ್ಟ್ 8 ಇತ್ತು, 20 ಮಾಡಿದೆವು. ಏನೂ ಬದಲಾಗಲಿಲ್ಲ. ಮಧ್ಯಾಹ್ನದವರೆಗೆ ಮಂಡಿಯವರು ಕೈಯಲ್ಲಿ ಚೀಟಿ ಬರೆದರು.

ಆಗಿದ್ದು ಬೇರೆ. ಹಿಂದಿನ ರಾತ್ರಿ ನಾವೇ ತೂಕದ ಸರ್ವರ್ ಅಪ್‌ಡೇಟ್ ಮಾಡಿದ್ದೆವು. ಅದು ಪಿಂಗ್‌ಗೆ ಕೊಡುವ ಉತ್ತರ ಸ್ವಲ್ಪ ಬದಲಾಗಿತ್ತು. ನಮ್ಮ ವ್ಯಾಲಿಡೇಟ್‌ಆಬ್ಜೆಕ್ಟ್ ಆ ಉತ್ತರವನ್ನು ಓದಲಾಗದೆ ಎಕ್ಸೆಪ್ಷನ್ ಹಿಡಿದು, ಲಾಗ್‌ನಲ್ಲಿ ಏನೂ ಬರೆಯದೆ ಫಾಲ್ಸ್ (ಅಂದರೆ ಕೆಟ್ಟಿದೆ) ಕೊಡುತ್ತಿತ್ತು. ಎಕ್ಸೆಪ್ಷನ್ ಹಿಡಿಯುವ ಆ ಕ್ಯಾಚ್ ಬರೆದವನು ನಾನು. ಗಟ್ಟಿಯಾಗಿದ್ದ ಕನೆಕ್ಷನ್‌ಗಳೆಲ್ಲ ಕೆಟ್ಟವು ಅಂತ ಎಸೆಯಲ್ಪಟ್ಟವು. ಆಗತಾನೇ ಮಾಡಿದ ಹೊಸದು ಕೂಡ ಫೇಲ್ ಆದರೆ ಪೂಲ್ ಮತ್ತೆ ಪ್ರಯತ್ನಿಸುವುದಿಲ್ಲ, ಈ ಎಕ್ಸೆಪ್ಷನ್ ಎಸೆಯುತ್ತದೆ. ಪೂಲ್ ತುಂಬಿ ಕಾಯುವ ಸಮಯ ಮುಗಿದಾಗ ಬರುವುದೂ ಇದೇ ಎಕ್ಸೆಪ್ಷನ್! ವ್ಯತ್ಯಾಸ ಇರುವುದು ಜೊತೆಗಿನ ಒಂದು ಸಾಲಿನಲ್ಲಿ ಮಾತ್ರ. 'ಅನೇಬಲ್ ಟು ವ್ಯಾಲಿಡೇಟ್ ಆಬ್ಜೆಕ್ಟ್' ಅಂತಿದ್ದರೆ ಪೂಲ್ ಸೈಜ್ ಮುಟ್ಟಲೇಬೇಡಿ.

ಕಾರಣ ಮುಚ್ಚಿಹೋಗುವುದೇ ನನಗೆ ದೊಡ್ಡ ಕೊರತೆ. ವ್ಯಾಲಿಡೇಟ್‌ಆಬ್ಜೆಕ್ಟ್ ಕೊಡುವುದು ಹೌದು ಅಥವಾ ಇಲ್ಲ, ಅಷ್ಟೇ. ಅದರೊಳಗಿಂದ ಎಕ್ಸೆಪ್ಷನ್ ಎಸೆದರೂ ಹೊಸ ಆಬ್ಜೆಕ್ಟ್ ಆಗಿದ್ದಾಗ ಮಾತ್ರ ಅದು ಕಾರಣವಾಗಿ ಜೊತೆಗೆ ಬರುತ್ತದೆ. ಹಳೆಯದಾದರೆ ಪೂಲ್ ಅದನ್ನು ನುಂಗಿ ಮುಂದಕ್ಕೆ ಹೋಗುತ್ತದೆ. ಹಾಗಾಗಿ ಫಾಲ್ಸ್ ಕೊಡುವ ಮೊದಲು ಯಾಕೆ ಅಂತ ನೀವೇ ಲಾಗ್‌ನಲ್ಲಿ ಬರೆಯಿರಿ. ಓಡುತ್ತಿರುವ ಜಾವಾ ಪ್ರೋಗ್ರಾಂನ ಒಳಗೆ ನೋಡುವ ಜೆಕನ್ಸೋಲ್ ತೆರೆದರೆ ಡಿಸ್ಟ್ರಾಯ್ಡ್‌ಬೈಬಾರೋವ್ಯಾಲಿಡೇಶನ್‌ಕೌಂಟ್ ಅಂತ, ಕೊಡುವ ಮೊದಲಿನ ಪರೀಕ್ಷೆಯಲ್ಲಿ ಫೇಲ್ ಆಗಿ ಎಸೆದವುಗಳ ಒಂದು ಎಣಿಕೆ ಸಿಗುತ್ತದೆ. ಅದನ್ನು ಅವತ್ತೇ ನೋಡಿದ್ದರೆ ಹತ್ತು ನಿಮಿಷದಲ್ಲಿ ಗೊತ್ತಾಗುತ್ತಿತ್ತು.

ಇನ್ನೆರಡು ಮಾತು. ಪಿಂಗ್ ಮಾಡುವ ಸಾಕೆಟ್‌ಗೆ ಟೈಮ್‌ಔಟ್ ಇಡಿ, ಇಲ್ಲದಿದ್ದರೆ ಪರೀಕ್ಷೆಯೇ ನೇತಾಡುತ್ತದೆ. ನಮ್ಮದು 2 ಸೆಕೆಂಡ್. ಬಳಸುವಾಗ ಕನೆಕ್ಷನ್ ಕೆಟ್ಟರೆ ಪೂಲ್‌ಗೆ ವಾಪಸ್ ಕೊಡುವ ರಿಟರ್ನ್‌ಆಬ್ಜೆಕ್ಟ್ ಬೇಡ, ಎಸೆಯುವ ಇನ್‌ವ್ಯಾಲಿಡೇಟ್‌ಆಬ್ಜೆಕ್ಟ್ ಕರೆಯಿರಿ. ಹಾಗೆ ಎಸೆದ ಮೇಲೆ ಅದಕ್ಕೇ ರಿಟರ್ನ್‌ಆಬ್ಜೆಕ್ಟ್ ಕೂಡ ಕರೆದರೆ ಇಲ್ಲೀಗಲ್‌ಸ್ಟೇಟ್‌ಎಕ್ಸೆಪ್ಷನ್ ಬರುತ್ತದೆ.

ಐದಕ್ಕೆ ನಾಲ್ಕು ಸ್ಟಾರ್. ಬೇರೆಯದಕ್ಕೆ ಹೋಗುವ ಯೋಚನೆ ಇಲ್ಲ. ಈಗ ಎವಿಕ್ಟರ್ 5 ನಿಮಿಷಕ್ಕೊಮ್ಮೆ ಓಡುತ್ತದೆ. ಅರ್ಧ ಗಂಟೆ ಯಾರೂ ಮುಟ್ಟದ ಕನೆಕ್ಷನ್ ತಾನಾಗಿ ಹೋಗುತ್ತದೆ. ಮಿನ್‌ಐಡಲ್ (ಕನಿಷ್ಠ ಎಷ್ಟು ಕನೆಕ್ಷನ್ ಸುಮ್ನೆ ಸಿದ್ಧವಿರಬೇಕು) 2 ಇಟ್ಟಿರುವುದರಿಂದ ಅದರ ಜಾಗಕ್ಕೆ ಹೊಸದು ಬರುತ್ತದೆ. ಬೆಳಿಗ್ಗೆ ಮೊದಲ ಲಾರಿ ಬರುವ ಹೊತ್ತಿಗೆ ಎರಡು ತಾಜಾ ಕನೆಕ್ಷನ್ ಸಿದ್ಧವಾಗಿರುತ್ತವೆ.